ಹೀಬ್ರೂ ಹಾಡು ಮತ್ತು ನಮ್ಮ ಅಳತೆಗೋಲು



ಇಂದು ನಾವು ಒಂದು ಹಾಡಿನ ಕುರಿತು, ಅದರಲ್ಲೂ ಹೀಬ್ರೂ ಭಾಷೆಯ ಹಾಡಿನ ಕುರಿತು ಮಾತನಾಡಲಿದ್ದೇವೆ. ನಿಮಗೆ ಅಚ್ಚರಿಯಾಗಬಹುದು. ಸಂಗೀತದ ಬಗ್ಗೆ ವಿದ್ವಾಂಸರಲ್ಲಿರುವ ಭಿನ್ನಾಭಿಪ್ರಾಯ ಇಂದಿನ ವಿಷಯವಲ್ಲ. ನಮ್ಮ ವಿಷಯ ನ್ಯಾಯ.

2010ರ ಮೇ 29ರಂದು ನಾರ್ವೆಯ ಓಸ್ಲೋ ನಗರದಲ್ಲಿ ಯೂರೋವಿಷನ್ ಹಾಡಿನ ಸ್ಪರ್ಧೆಯ ಅಂತಿಮ ಸುತ್ತು ನಡೆಯಿತು. ಯುರೋಪಿನ ಪ್ರಸಾರ ಸಂಸ್ಥೆಗಳ ಒಕ್ಕೂಟವು 1956ರಲ್ಲಿ ಆರಂಭಿಸಿದ ಈ ಸ್ಪರ್ಧೆಯಲ್ಲಿ ಇಸ್ರೇಲ್ 1973ರಲ್ಲಿ ಮೊದಲ ಬಾರಿಗೆ ಭಾಗವಹಿಸಿತು. ಓಸ್ಲೋದಲ್ಲಿ ಇಸ್ರೇಲಿನ ಗಾಯಕ ಹರೇಲ್ ಸ್ಕಾತ್ 'ಮಿಲೀಂ' ಎಂಬ ಹಾಡನ್ನು ಹಾಡಿದರು. ಮಿಲೀಂ ಎಂದರೆ ಪದಗಳು. ಅದು ಅಗಲಿಕೆಯ ನೋವಿನ ಹಾಡು, ಪೂರ್ತಿಯಾಗಿ ಹೀಬ್ರೂವಿನಲ್ಲಿತ್ತು. ಅದಕ್ಕೆ ಹದಿನಾಲ್ಕನೆಯ ಸ್ಥಾನ ದೊರೆಯಿತು. ಅದೇ ವೇದಿಕೆಯಲ್ಲಿ ತುರ್ಕಿಯ ತಂಡ ದ್ವಿತೀಯ ಸ್ಥಾನ ಪಡೆಯಿತು.

ಎರಡೇ ದಿನಗಳ ಬಳಿಕ, ಮೇ 31ರ ನಸುಕಿನಲ್ಲಿ, ಗಾಝಾಕ್ಕೆ ನೆರವು ಸಾಮಗ್ರಿ ಒಯ್ಯುತ್ತಿದ್ದ ಹಡಗುಗಳ ಮೇಲೆ ಇಸ್ರೇಲಿ ಕಮಾಂಡೋಗಳು ಅಂತಾರಾಷ್ಟ್ರೀಯ ಜಲಪ್ರದೇಶದಲ್ಲಿ ಎರಗಿದರು. ತುರ್ಕಿಯ 'ಮಾವಿ ಮರ್ಮರಾ' ಹಡಗಿನಲ್ಲಿ ಒಂಬತ್ತು ಮಂದಿ ಹತರಾದರು. ಗಾಯಗೊಂಡಿದ್ದ ಹತ್ತನೆಯವರು 2014ರಲ್ಲಿ ನಿಧನರಾದರು. ಶನಿವಾರ ಅಗಲಿಕೆಯ ಹಾಡು, ಸೋಮವಾರ ಅಗಲಿಕೆಯೇ.

ಈಗ ಪ್ರಶ್ನೆ: ನಾವು ಯಾವುದನ್ನು ವಿರೋಧಿಸಬೇಕು? ಹೀಬ್ರೂ ಭಾಷೆಯನ್ನೇ ಶಪಿಸುವ ಮಾತು ನಮ್ಮ ಮನೆಗಳಲ್ಲೂ ಆಗಾಗ ಕೇಳಿಬರುತ್ತದೆ. ಸಹೋದರರೇ, ಅದು ಬನೀ ಇಸ್ರಾಈಲರ ಪ್ರವಾದಿಗಳ ಪರಂಪರೆಯ ಭಾಷೆ. ಯಹೂದಿಯರ ಬರಹವನ್ನು ಕಲಿಯುವಂತೆ ಪ್ರವಾದಿವರ್ಯರು(ಸ) ಝೈದ್ ಬಿನ್ ಸಾಬಿತ್(ರ)ರಿಗೆ ಆದೇಶಿಸಿದ್ದರು, ಅವರು ಕೆಲವೇ ದಿನಗಳಲ್ಲಿ ಕಲಿತರು. ಹತ್ತನೆಯ ಶತಮಾನದಲ್ಲಿ ಮುಸ್ಲಿಮ್ ಸ್ಪೇನಿನಲ್ಲಿ ದೂನಾಶ್ ಬೆನ್ ಲಬ್ರಾತ್ ಎಂಬ ಯಹೂದಿ ಕವಿ ಅರಬೀ ಛಂದಸ್ಸನ್ನು ಹೀಬ್ರೂ ಕಾವ್ಯಕ್ಕೆ ತಂದರು. ಅಂದು ಹೀಬ್ರೂ ಕಾವ್ಯ ಅರಳಿದ್ದು ಮುಸ್ಲಿಮ್ ಆಡಳಿತದ ನೆರಳಿನಲ್ಲಿ. ಇದನ್ನು ನಮ್ಮ ಮಕ್ಕಳು ತಿಳಿಯಬೇಕು.

ಕಣ್ಣು ಮುಚ್ಚುವುದೂ ಪ್ರತಿಭಟನೆಯಲ್ಲ. 1978ರಲ್ಲಿ ಇಸ್ರೇಲ್ ಮೊದಲ ಬಾರಿ ಈ ಸ್ಪರ್ಧೆಯನ್ನು ಗೆದ್ದಾಗ ಜೋರ್ಡಾನಿನ ಟಿ.ವಿ. ಆ ಹಾಡಿನ ಬದಲು ಹೂವುಗಳ ಚಿತ್ರ ತೋರಿಸಿತು. ಬೆಲ್ಜಿಯಂ ಗೆದ್ದಿತೆಂದು ಸುದ್ದಿ ನೀಡಿತು. ಇದರಿಂದ ಫೆಲೆಸ್ತೀನಿಗೆ ಒಂದು ಗೇಣು ಭೂಮಿಯಾದರೂ ಮರಳಿ ಸಿಕ್ಕಿತೇ? ತನ್ನ ಜನರಿಗೇ ಸುಳ್ಳು ಹೇಳಿದ್ದಷ್ಟೇ ಉಳಿಯಿತು.

ವಿರೋಧಿಸಬೇಕಾದುದು ಎರಡು ಅಳತೆಗೋಲುಗಳನ್ನು. 2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿತು. ಮರುದಿನವೇ ಒಕ್ಕೂಟವು ರಷ್ಯಾವನ್ನು ಸ್ಪರ್ಧೆಯಿಂದ ಹೊರಗಿಟ್ಟಿತು. ಗಾಝಾದಲ್ಲಿ ಹತ್ತಾರು ಸಾವಿರ ಜನರು ಹತರಾದ ಮೇಲೂ ಇಸ್ರೇಲಿಗೆ ವೇದಿಕೆ ತೆರೆದೇ ಇತ್ತು. ಹಾಡಿಗೂ ರಾಜಕೀಯಕ್ಕೂ ಸಂಬಂಧವಿಲ್ಲವೆನ್ನುವವರು ಈ ಮಾತನ್ನು ಮಾಸ್ಕೋಗೇಕೆ ಹೇಳಲಿಲ್ಲ? 2025ರ ಡಿಸೆಂಬರ್‌ನಲ್ಲಿ ಸ್ಪೇನ್, ಐರ್ಲೆಂಡ್, ನೆದರ್‌ಲ್ಯಾಂಡ್ಸ್, ಸ್ಲೊವೇನಿಯಾ ಮತ್ತು ಐಸ್‌ಲ್ಯಾಂಡ್ ದೇಶಗಳು 2026ರ ಸ್ಪರ್ಧೆಯಿಂದ ದೂರ ಉಳಿಯುವುದಾಗಿ ಘೋಷಿಸಿದವು. ಇವಾವುವೂ ಮುಸ್ಲಿಮ್ ರಾಷ್ಟ್ರಗಳಲ್ಲ ಎಂಬುದನ್ನು ಗಮನಿಸಿರಿ. ನ್ಯಾಯಪ್ರಜ್ಞೆ ಒಂದು ಸಮುದಾಯದ ಸ್ವತ್ತಲ್ಲ.

ಆದರೆ ಅದೇ ಅಳತೆಗೋಲು ನಮ್ಮ ಕೈಯಲ್ಲಿರುವಾಗಲೂ ನೇರವಾಗಿರಬೇಕು. 2025ರಲ್ಲಿ ಬಾಸೆಲ್‌ನಲ್ಲಿ ಇಸ್ರೇಲಿನ ಪರ ಹಾಡಿ ದ್ವಿತೀಯ ಸ್ಥಾನ ಪಡೆದ ಯುವತಿ, 2023ರ ಅಕ್ಟೋಬರ್ 7ರಂದು ಸಂಗೀತೋತ್ಸವದ ಮೇಲೆ ನಡೆದ ದಾಳಿಯಲ್ಲಿ ಹೆಣಗಳ ನಡುವೆ ಅಡಗಿ ಬದುಕುಳಿದವಳು. ನಿರಾಯುಧರನ್ನು ಕೊಲ್ಲುವುದು ಇಸ್ಲಾಮಿನಲ್ಲಿ ನಿಷಿದ್ಧ. ಅವಳ ನೋವನ್ನು ಅಲ್ಲಗಳೆಯುವವನಿಗೆ ಗಾಝಾದ ತಾಯಂದಿರ ನೋವನ್ನು ಹೇಳುವ ನೈತಿಕ ಹಕ್ಕು ಉಳಿಯದು. ಅಂತೆಯೇ ಅವಳ ನೋವನ್ನು ಪರದೆಯಾಗಿಸಿ ಗಾಝಾವನ್ನು ಮರೆಮಾಚುವ ಹಕ್ಕೂ ಯಾರಿಗೂ ಇಲ್ಲ.

ಭಾಷೆಯನ್ನು ದ್ವೇಷಿಸಿದರೆ ಏನಾಗುತ್ತದೆಂದು ನಮಗಿಂತ ಚೆನ್ನಾಗಿ ಬಲ್ಲವರಾರು? 1994ರ ಅಕ್ಟೋಬರ್‌ನಲ್ಲಿ ಬೆಂಗಳೂರು ದೂರದರ್ಶನವು ಉರ್ದು ವಾರ್ತೆ ಆರಂಭಿಸಿದಾಗ ನಗರ ಹೊತ್ತಿ ಉರಿಯಿತು, ಜೀವಗಳು ಹೋದವು. ಕೆಲವೇ ನಿಮಿಷಗಳ ವಾರ್ತೆಯಲ್ಲಿ ಯಾವ ಅಪರಾಧವಿತ್ತು? ಅಂದು ಉರ್ದುವಿಗಾಗಿ ನಾವು ಕೇಳಿದ ನ್ಯಾಯವನ್ನೇ ಇಂದು ಹೀಬ್ರೂವಿಗೆ ನೀಡಲಾರೆವೆಂದರೆ, ನಾವು ಕೇಳಿದ್ದು ನ್ಯಾಯವಲ್ಲ, ಸ್ವಾರ್ಥ.

ಒಂದು ಜನಾಂಗದ ಮೇಲಿನ ರೋಷವು ನಮ್ಮನ್ನು ನ್ಯಾಯದಿಂದ ವಿಮುಖಗೊಳಿಸಬಾರದೆಂದು ಪವಿತ್ರ ಕುರ್‌ಆನ್ ಕಲಿಸಿದೆ. ಇದು ರೋಷ ಬಂದ ಗಳಿಗೆಗೆಂದೇ ಇರುವ ಪಾಠ. ಆದ್ದರಿಂದ ಮಕ್ಕಳು ಹೀಬ್ರೂ ಹಾಡಿನ ಬಗ್ಗೆ ಕೇಳಿದಾಗ ಗದರಿಸಬೇಡಿರಿ. ಓಸ್ಲೋದ ಹಾಡಿನ ಬಗ್ಗೆ ಹೇಳಿರಿ, ಮಾವಿ ಮರ್ಮರಾದ ಬಗ್ಗೆಯೂ ಹೇಳಿರಿ. ಭಾಷೆಗೆ ಗೌರವ, ಅಕ್ರಮಕ್ಕೆ ವಿರೋಧ, ಎರಡನ್ನೂ ಒಟ್ಟಿಗೇ ಕಲಿಸಿರಿ.

ಎಲ್ಲರಿಗೂ ಒಂದೇ ತಕ್ಕಡಿಯಲ್ಲಿ ತೂಗುವ ಸ್ಥೈರ್ಯವನ್ನು ಅಲ್ಲಾಹನು ನಮಗೆ ದಯಪಾಲಿಸಲಿ. ಆಮೀನ್.