ಪೆಟ್ಟಿಗೆಯೊಳಗಿನ ರೈಲುದಾರಿ
(ಶಾಲೆಯ ಸ್ನೇಹಸಮ್ಮೇಳನದಂದು ಕೈಗೆಲಸ ವಿಭಾಗದ ಶಿಕ್ಷಕರ ಪರವಾಗಿ ಮಾಡಿದ ಭಾಷಣ)



ಈ ಮಂಟಪದ ಬಾಗಿಲ ಬಳಿ ಮೇಜಿನ ಮೇಲೆ ಸುತ್ತುತ್ತಿರುವ ಪುಟ್ಟ ರೈಲುಗಾಡಿಯನ್ನು ತಾವೆಲ್ಲರೂ ಒಳಗೆ ಬರುವಾಗ ನೋಡಿರುವಿರಿ. ಮಕ್ಕಳು ಅದನ್ನು ಬಿಟ್ಟು ಕದಲಲೊಲ್ಲದೆ ನಿಂತುದನ್ನು ನಾವೂ ನೋಡಿದೆವು. ಆದರೆ ಕೆಲವು ಪಾಲಕರು ನಮ್ಮನ್ನು ಬದಿಗೆ ಕರೆದು, "ಮಾಸ್ತರೇ, ಪರೀಕ್ಷೆ ಹತ್ತಿರ ಬಂದಿರುವಾಗ ಈ ಆಟಿಗೆಯ ಗೊಡವೆ ಏಕೆ?" ಎಂದು ಕೇಳಿದ್ದುಂಟು. ಪ್ರಶ್ನೆ ನ್ಯಾಯವಾದುದೇ. ಅದಕ್ಕೆ ಉತ್ತರವನ್ನು ಈ ಸಭೆಯ ಮುಂದೆಯೇ ಹೇಳುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಮೊದಲು ಈ ಗಾಡಿಯ ಪರಿಚಯ. ಇದರ ಅಳತೆಗೆ ಎನ್ ಸ್ಕೇಲ್ ಎಂದು ಹೆಸರು. ಎರಡು ಹಳಿಗಳ ನಡುವಣ ಅಂತರ 9 ಮಿಲಿಮೀಟರು. ಒಂಬತ್ತು ಎಂಬುದಕ್ಕೆ ಇಂಗ್ಲಿಷಿನಲ್ಲಿ ನೈನ್, ಜರ್ಮನ್ ಭಾಷೆಯಲ್ಲಿ ನೊಯ್ನ್ ಎನ್ನುತ್ತಾರಷ್ಟೆ. ಆ ಮೊದಲಕ್ಷರವೇ ಹೆಸರಾಯಿತು. ಜರ್ಮನಿಯ ನ್ಯೂರೆಂಬರ್ಗ್ ನಗರದ ಆರ್ನಾಲ್ಡ್ ಕಾರ್ಖಾನೆಯವರು 1962ರಲ್ಲಿ ಈ ಅಳತೆಯ ಗಾಡಿಗಳನ್ನು ಹೊರತಂದರು. ಜಪಾನಿನ ಕಾಟೋ ಕಾರ್ಖಾನೆ 1965ರಲ್ಲಿ ತನ್ನ ಮೊದಲ ಎನ್ ಎಂಜಿನ್ನನ್ನು ಮಾಡಿತು. ನಿಜವಾದ ವಸ್ತುವಿನ 160ರಲ್ಲಿ ಒಂದು ಪಾಲು ಎಂಬುದು ಇದರ ಸಾಮಾನ್ಯ ಪ್ರಮಾಣ. ವಿದ್ಯಾರ್ಥಿಗಳೇ, ಈ ಭಾಗಾಕಾರವನ್ನು ನೀವೇ ಮಾಡಿ ನೋಡಿರಿ: ಒಂದು ಕಿಲೋಮೀಟರು ದಾರಿ ಇಲ್ಲಿ ಆರೂಕಾಲು ಮೀಟರಾಗುತ್ತದೆ, ಆಳೆತ್ತರದ ಮನುಷ್ಯ ಒಂದು ಸೆಂಟಿಮೀಟರಿಗಿಂತ ತುಸು ಮಿಗಿಲಾಗಿ ನಿಲ್ಲುತ್ತಾನೆ. ನಮ್ಮ ದೇಶದ ದೊಡ್ಡ ಹಳಿಯ ಅಗಲ 1,676 ಮಿಲಿಮೀಟರು. ಅದನ್ನು 160ರಿಂದ ಭಾಗಿಸಿದರೆ ಸುಮಾರು ಹತ್ತೂವರೆ ಬರುತ್ತದೆ, ಒಂಬತ್ತಲ್ಲ. ಈ ಒಂದೂವರೆ ಮಿಲಿಮೀಟರಿನ ಕೊರತೆಯನ್ನು ಒಪ್ಪಿಕೊಂಡೇ ನಾವು ಮುಂದುವರಿದೆವು.

ಪುಣೆಯ ಕೋಥರೂಡದಲ್ಲಿ ಜೋಶಿಯವರ ಕಿರುರೈಲುಗಳ ವಸ್ತುಸಂಗ್ರಹಾಲಯ 1998ರಲ್ಲಿ ತೆರೆಯಲ್ಪಟ್ಟಿತು. ಅಲ್ಲಿಯದು ನೆಲೆನಿಂತ ಊರು. ನೋಡಬೇಕಾದವರು ಅಲ್ಲಿಗೇ ಹೋಗಬೇಕು. ನಮ್ಮ ಶಾಲೆಯಲ್ಲಾದರೋ ಅಂಥದೊಂದಕ್ಕೆ ಮೀಸಲಿಡಲು ಕೋಣೆಯಿಲ್ಲ. ಕೆಲಸ ಮುಗಿದೊಡನೆ ಕಪಾಟಿನಲ್ಲಿಡುವಂತೆಯೂ, ಬೇಕಾದಾಗ ಬೇರೊಂದು ಊರಿಗೆ ಒಯ್ಯುವಂತೆಯೂ ಇರಬೇಕಾಗಿದ್ದಿತು. ಅದಕ್ಕೆ ಉಪಾಯವೆಂದರೆ ರೈಲುದಾರಿಯನ್ನು ತುಂಡುತುಂಡಾಗಿ ಕಟ್ಟುವುದು. ಇಂತಹ ತುಂಡಿಗೆ ಮಾಡ್ಯೂಲ್ ಎನ್ನುತ್ತಾರೆ. ನಮ್ಮ ಮಕ್ಕಳು ಅದನ್ನು ಪೆಟ್ಟಿಗೆ ಎಂದು ಕರೆದರು.

ಈ ಪದ್ಧತಿ ಅಮೆರಿಕದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ 1970ರ ದಶಕದ ಆರಂಭದಲ್ಲಿ ಎನ್‌ಟ್ರ್ಯಾಕ್ ಎಂಬ ಹೆಸರಿನಿಂದ ನೆಲೆಗೊಂಡಿತು. ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲದ ಹಲಗೆ; ಮುಂಭಾಗದಲ್ಲಿ ಮೂರು ಹಳಿದಾರಿ; ನೆಲದಿಂದ 40 ಅಂಗುಲ ಎತ್ತರ. ಈ ಕೆಲವು ನಿಯಮಗಳನ್ನು ಪಾಲಿಸಿದವರು ತಮ್ಮ ತಮ್ಮ ಮನೆಯಲ್ಲಿ ಕಟ್ಟಿದ ತುಂಡುಗಳನ್ನು ಒಂದೆಡೆ ತಂದು, ಹಿಡಿಕೆಗಳಿಂದ ಬಿಗಿದು, ನಡುವೆ ಸಣ್ಣ ಹಳಿಯೊಂದನ್ನು ಕೂಡಿಸಿದರೆ ಎಷ್ಟು ಉದ್ದದ ದಾರಿ ಬೇಕಾದರೂ ಸಿದ್ಧವಾಗುತ್ತಿತ್ತು. ಮುಂದೆ 2000ದ ಸುಮಾರಿಗೆ, ಜಪಾನಿನವರ ಮೇಜುಪೆಟ್ಟಿಗೆಗಳಿಂದ ಪ್ರೇರಣೆ ಪಡೆದು, ಲೀ ಮೊನಾಕೊ-ಫಿಟ್ಸ್‌ಜೆರಾಲ್ಡ್ ಎಂಬ ಮಹಿಳೆ ಟಿ-ಟ್ರ್ಯಾಕ್ ಎಂಬ ಇನ್ನೂ ಚಿಕ್ಕ ಪದ್ಧತಿಯನ್ನು ರೂಢಿಗೆ ತಂದರು. ನಮ್ಮದು ಈ ಬಗೆಯದು.

ಇದರ ಗುಟ್ಟೆಲ್ಲ ಒಂದೇ ಒಂದು ಅಳತೆಯಲ್ಲಿದೆ. ಒಂಟಿ ಪೆಟ್ಟಿಗೆಯ ಉದ್ದ 308 ಮಿಲಿಮೀಟರು. ಅದರ ಮೇಲಿನ ಹಳಿಯ ಉದ್ದ 310. ಎಂದರೆ ಎರಡು ತುದಿಗಳಲ್ಲಿಯೂ ಹಳಿ ಒಂದೊಂದು ಮಿಲಿಮೀಟರಿನಷ್ಟು ಹೊರಚಾಚಿರುತ್ತದೆ. ಪೆಟ್ಟಿಗೆಗೆ ಪೆಟ್ಟಿಗೆ ತಾಗುವ ಮೊದಲೇ ಹಳಿಗೆ ಹಳಿ ಕೂಡುತ್ತದೆ. ಕಾಟೋ ಹಳಿಯ ತುದಿಗಳಲ್ಲಿರುವ ಕೊಂಡಿಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಬೇರೆ ಬಂಧನವೇ ಬೇಡ. ಇಮ್ಮಡಿ ಪೆಟ್ಟಿಗೆಯ ಉದ್ದ 618, ಹಳಿ 620. ಆದುದರಿಂದ ಒಂದು ಬದಿಗೆ ಒಂದು ಇಮ್ಮಡಿ ಪೆಟ್ಟಿಗೆ, ಎದುರು ಬದಿಗೆ ಎರಡು ಒಂಟಿ ಪೆಟ್ಟಿಗೆ, ನಾಲ್ಕು ಮೂಲೆಗಳಿಗೆ ನಾಲ್ಕು, ಹೀಗೆ ಏಳು ಪೆಟ್ಟಿಗೆಗಳಿಂದ ನಮ್ಮ ಸುತ್ತುದಾರಿ ಪೂರ್ಣವಾಯಿತು.

ಎಂಜಿನ್ನು, ಡಬ್ಬಿ ಮತ್ತು ಹಳಿಗಳು ಪರದೇಶದವು, ಬೆಲೆಯೂ ಹೆಚ್ಚು. ಅವು ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರ ಕೊಡುಗೆ. ಸಂಘದ ಹಣದಿಂದ ಅದಕ್ಕೆ ಒಂದು ರೂಪಾಯಿಯೂ ವೆಚ್ಚವಾಗಿಲ್ಲ. ಉಳಿದುದೆಲ್ಲ ನಮ್ಮ ನೆಲದ್ದೇ. ಬಡಿಗರ ಮನೆಯಲ್ಲಿ ಉಳಿದ ಆರು ಮಿಲಿಮೀಟರ್ ಪ್ಲೈವುಡ್ ಚೂರುಗಳು ಪೆಟ್ಟಿಗೆಗಳಾದವು. ಥರ್ಮೋಕೋಲಿನಿಂದ ದಿಬ್ಬಗಳಾದವು, ಅದಕ್ಕೆ ಫೆವಿಕಾಲನ್ನೇ ಹಚ್ಚಬೇಕು, ಘಾಟಿನ ಅಂಟು ಹಚ್ಚಿದರೆ ಥರ್ಮೋಕೋಲ್ ಕರಗಿ ಹೋಗುತ್ತದೆ. ಬೇವಿನ ಕಡ್ಡಿಗಳು ಮರಗಳಾದವು. ಹೊಲದ ಎರೆಮಣ್ಣನ್ನು ಜರಡಿ ಹಿಡಿದು ಹರಡುವ ಮುನ್ನ ಅದರೊಳಗೆ ಅಯಸ್ಕಾಂತವನ್ನು ಆಡಿಸಿದೆವು. ಮುಷ್ಟಿ ಮಣ್ಣಿನಿಂದ ಚಿಟಿಕೆಯಷ್ಟು ಕರಿಯ ಕಣಗಳು ಮೇಲೆದ್ದು ಬಂದಾಗ ಮಕ್ಕಳು ಬೆರಗಾದರು. ನಮ್ಮ ಮಣ್ಣು ಹುಟ್ಟಿದ ಕರಿಗಲ್ಲಿನಲ್ಲಿರುವ ಕಬ್ಬಿಣದ ಅದಿರು ಅದು. ಅದನ್ನು ತೆಗೆಯದಿದ್ದರೆ ಎಂಜಿನ್ನಿನ ಮೋಟಾರಿನೊಳಗಿನ ಅಯಸ್ಕಾಂತ ಆ ಕಣಗಳನ್ನು ಸೆಳೆದುಕೊಂಡು ಕೆಟ್ಟು ನಿಲ್ಲುವುದು.

ಒಂದು ಪೆಟ್ಟಿಗೆಯಲ್ಲಿ ಜೋಳದ ಹೊಲ, ಇನ್ನೊಂದರಲ್ಲಿ ಮರಾಠಿ ಕನ್ನಡಗಳೆರಡರಲ್ಲಿಯೂ ಹೆಸರು ಬರೆದ ನಿಲ್ದಾಣ. ಇಮ್ಮಡಿ ಪೆಟ್ಟಿಗೆಯಲ್ಲಿ ಭೀಮಾ ನದಿಯ ಸೇತುವೆ. ಹೊಟಗಿಯಿಂದ ವಿಜಯಪುರಕ್ಕೆ ಹೋಗುವ ಗಾಡಿ ಭೀಮೆಯನ್ನು ದಾಟುವುದನ್ನು ನಮ್ಮ ಮಕ್ಕಳಲ್ಲಿ ಬಹಳ ಮಂದಿ ಅಜ್ಜಿಯ ಊರಿಗೆ ಹೋಗುವಾಗ ಕಿಟಕಿಯಿಂದ ಕಂಡವರೇ. ಎಂಟನೆಯ ಇಯತ್ತೆಯ ನಾಲ್ವರು ಬಾಲಕಿಯರು ಮೂರು ವಾರ ಶ್ರಮಪಟ್ಟು ಅದನ್ನು ಕಟ್ಟಿದರು. ಎರಡು ದಡಗಳಲ್ಲಿಯೂ ಅಂಚಿನವರೆಗೆ ಮೆಟ್ಟಿಲು, ಒಂದು ಗುಡಿ, ಬಟ್ಟೆ ಒಗೆಯುವ ಹೆಂಗಸರು.

ಏಳು ಪೆಟ್ಟಿಗೆಗಳನ್ನು ಮೊದಲ ಸಲ ಕೂಡಿಸಿದ ದಿನ ಆ ಪೆಟ್ಟಿಗೆ ಮಾತ್ರ ಕೂಡಲಿಲ್ಲ. ಅಳೆದು ನೋಡಿದರೆ ಉದ್ದ 630. ಮೇಲಿನ ಹಲಗೆಯನ್ನು ಅವರು ಸರಿಯಾಗಿ 618ಕ್ಕೇ ಕೊಯ್ದಿದ್ದರು. ಆದರೆ ಎರಡು ತುದಿಗಳ ಆರಾರು ಮಿಲಿಮೀಟರಿನ ಹಲಗೆಗಳನ್ನು ಅದರ ಕೆಳಗೆ ಕೂಡಿಸದೆ ಹೊರಗೆ ಕೂಡಿಸಿದ್ದರು. ಹಳಿಯ ತುದಿ ಅಂಚಿನಿಂದ ಐದು ಮಿಲಿಮೀಟರು ಒಳಗೇ ಉಳಿದಿತ್ತು. ಇದರಲ್ಲಿ ಮಕ್ಕಳ ತಪ್ಪಿಲ್ಲ. ಕರಿಹಲಗೆಯ ಮೇಲೆ ನಕ್ಷೆ ಬರೆದವರು ನಾವು. 618 ಎಂಬುದು ಒಳ ಅಳತೆಯೋ ಹೊರ ಅಳತೆಯೋ ಎಂದು ಬರೆಯದೆ ಬಿಟ್ಟವರೂ ನಾವೇ. ಇದನ್ನು ಈ ಸಭೆಯಲ್ಲಿ ಒಪ್ಪಿಕೊಳ್ಳುತ್ತೇವೆ.

ಆಗ ಒಬ್ಬ ಬಾಲಕಿ ಕಣ್ಣೀರು ತಂದುಕೊಂಡು, "ಸರ್, ಉಳಿದವರ ಹಳಿಯನ್ನೇ ಸ್ವಲ್ಪ ಉದ್ದ ಮಾಡಬಾರದೇ? ನಮ್ಮ ಗುಡಿ ಉಳಿಯುತ್ತದೆ" ಎಂದಳು. ಕೇಳಿ ನಮಗೂ ಮನಸ್ಸು ಕರಗಿತು. ಆದರೆ ಉತ್ತರ ಕೊಟ್ಟವರು ನಾವಲ್ಲ, ಅವಳ ಗೆಳತಿ. "ಹಾಗೆ ಮಾಡಿದರೆ ನಮ್ಮ ಶಾಲೆಯೊಳಗೆ ಕೂಡೀತು, ಹೊರಗಿನವರ ಜೊತೆ ಎಲ್ಲಿಯೂ ಕೂಡದು" ಎಂದಳು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಬಳಿಕ ಆ ಬಾಲಕಿಯೇ ತುದಿಹಲಗೆಗಳನ್ನು ಬಿಚ್ಚಿದಳು. ದಡದ ಅಂಚನ್ನು ಎರಡೂ ಕಡೆ ಕೊಯ್ದಳು. ಕೊನೆಯ ಮೆಟ್ಟಿಲು ಹೋಯಿತು. ಗುಡಿಯನ್ನು ಬಿಡಿಸಿ ಒಳಗೆ ಸರಿಸಿ ನಿಲ್ಲಿಸಿದರು. ಮರುದಿನ ಗಾಡಿ ಭೀಮೆಯನ್ನು ದಾಟಿತು.

ಕಟ್ಟುವುದು ಅರ್ಧ ಕೆಲಸ, ಸಾಗಿಸುವುದು ಇನ್ನರ್ಧ. ತಾಲೂಕಿನ ವಿಜ್ಞಾನ ಪ್ರದರ್ಶನಕ್ಕೆ ನಾವು ಎಸ್.ಟಿ. ಬಸ್ಸಿನಲ್ಲಿ ಹೋಗಬೇಕಾಗಿದ್ದಿತು. ಮರಗಳಿಗೆ ತಂತಿಯ ಬೇರು ಕೊಟ್ಟು, ಕಿತ್ತು ಬೇರೆ ಡಬ್ಬಿಯಲ್ಲಿಡುವಂತೆ ಮಾಡಿದೆವು. ಹೊರಚಾಚಿದ ಹಳಿಯ ತುದಿಗಳೇ ಎಲ್ಲಕ್ಕಿಂತ ನಾಜೂಕಾದವು. ಅವಕ್ಕೆ ಥರ್ಮೋಕೋಲಿನ ಟೊಪ್ಪಿಗೆ ತೊಡಿಸಿದೆವು. ಒಂದೇ ಉದ್ದದ ಎರಡು ಪೆಟ್ಟಿಗೆಗಳನ್ನು ಮುಖಕ್ಕೆ ಮುಖ ಮಾಡಿ, ನಡುವೆ ದಿಬ್ಬ ತಾಗದಷ್ಟು ಎಡೆ ಬಿಟ್ಟು, ಎರಡು ತುದಿಗಳಿಗೂ ಹಲಗೆ ಬಿಗಿದರೆ ಅವೇ ಒಂದಕ್ಕೊಂದು ಮುಚ್ಚಳವಾಗುತ್ತವೆ. ಸಾಮಾನಿನ ತಟ್ಟೆಯ ಮೇಲೆ ಯಾವುದನ್ನೂ ಇಡಲಿಲ್ಲ. ತೊಡೆಯ ಮೇಲೆ ಮಡಿಸಿದ ಕೌದಿ, ಅದರ ಮೇಲೆ ಪೆಟ್ಟಿಗೆ. ಎಲ್ಲಕ್ಕೂ ಅಡಿಯಲ್ಲಿ ಅಂಕಿ ಬರೆದು ಪಟ್ಟಿ ಮಾಡಿದ್ದೆವು. ಇಷ್ಟಾದರೂ ಒಂದು ಕೈಕಂಬ ಮುರಿದುಹೋಯಿತು.

ಅಲ್ಲಿಯ ಮೇಜು ಒಂದು ಕಡೆ ತಗ್ಗಾಗಿದ್ದಿತು. ಪೆಟ್ಟಿಗೆಯ ಮೂಲೆಗಳಲ್ಲಿರುವ ಬೋಲ್ಟುಗಳೇ ಅದರ ಕಾಲುಗಳು. ರಸಮಟ್ಟವನ್ನಿಟ್ಟು ಅವುಗಳನ್ನು ತಿರುಗಿಸಿ ಸರಿಗೊಳಿಸಿದೆವು. ಹಳಿಗೆ ಹರಿಯುವುದು ಹನ್ನೆರಡು ವೋಲ್ಟಿನ ಏಕಮುಖ ವಿದ್ಯುತ್ತು, ಮುಟ್ಟಿದರೆ ಅಪಾಯವಿಲ್ಲ. ಆದರೆ ಒಂದು ಪೆಟ್ಟಿಗೆಯ ಎರಡು ತಂತಿಗಳು ಅದಲುಬದಲಾದರೂ ಸಾಕು, ಇಡೀ ದಾರಿಯೇ ಸ್ತಬ್ಧ. ಆದುದರಿಂದ ತಂತಿಗಳಿಗೆ ಬಣ್ಣ ಗೊತ್ತುಮಾಡಿದ್ದೆವು.

ನೆರೆಯೂರಿನ ಮರಾಠಿ ಶಾಲೆಯ ಮಕ್ಕಳು, ನಾವು ಕಳುಹಿಸಿದ ಅಳತೆಯ ಚೀಟಿಯನ್ನು ನೋಡಿ, ಎರಡು ಇಮ್ಮಡಿ ಪೆಟ್ಟಿಗೆಗಳನ್ನು ಮಾಡಿ ತಂದಿದ್ದರು. ಆ ಚೀಟಿಯಲ್ಲಿ "ಹೊರ ಅಳತೆ" ಎಂದು ಈ ಸಲ ಸ್ಪಷ್ಟವಾಗಿ ಬರೆದಿದ್ದೆವು. ಅವರ ಪೆಟ್ಟಿಗೆಗಳನ್ನು ಈ ಬದಿಗೊಂದು ಆ ಬದಿಗೊಂದು ಇಟ್ಟು ಒತ್ತಿದೊಡನೆ ಕೊಂಡಿಗಳು ಕೂಡಿದವು. ಅವರ ಕಬ್ಬಿನ ಗದ್ದೆಯಿಂದ ಹೊರಟ ಗಾಡಿ ನಮ್ಮ ಸೇತುವೆಯನ್ನು ದಾಟಿತು. ಗುಡಿಯನ್ನು ಸರಿಸಿದ ಬಾಲಕಿ ಅದನ್ನು ನೋಡುತ್ತ ನಿಂತಿದ್ದಳು. ನಾವು ಅವಳಿಗೆ ಏನನ್ನೂ ಹೇಳಬೇಕಾಗಲಿಲ್ಲ.

ಪಾಲಕರೇ, ತಮ್ಮ ಪ್ರಶ್ನೆಗೆ ಇದೇ ನಮ್ಮ ಉತ್ತರ. ಪೆಟ್ಟಿಗೆಯ ಒಳಗೆ ಮಕ್ಕಳು ತಮ್ಮ ಹೊಲ, ತಮ್ಮ ನದಿ, ತಮ್ಮ ನುಡಿಯ ಫಲಕ ಯಾವುದನ್ನು ಬೇಕಾದರೂ ಇಡಲಿ; ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಅಂಚಿನಲ್ಲಿ ಮಾತ್ರ ಒಪ್ಪಿದ ಅಳತೆಗೆ ತಪ್ಪಬಾರದು. ಗಡಿಯ ಮೇಲೆ ಬಾಳುವ ನಮ್ಮ ಮಕ್ಕಳಿಗೆ ಇದು ಪರೀಕ್ಷೆಯ ಪಾಠಕ್ಕಿಂತ ಕಡಿಮೆಯದೆಂದು ನಮಗೆ ತೋರುವುದಿಲ್ಲ. ಭಾಗಾಕಾರ, ವಿದ್ಯುತ್ತು, ಅಯಸ್ಕಾಂತಗಳ ಪಾಠವಂತೂ ಜೊತೆಯಲ್ಲಿಯೇ ನಡೆದಿದೆ.

ಬರುವ ವರ್ಷ ಇನ್ನೂ ನಾಲ್ಕು ಪೆಟ್ಟಿಗೆಗಳನ್ನು ಕಟ್ಟುವ ಇಚ್ಛೆಯಿದೆ. ತಮ್ಮ ಮನೆಯಲ್ಲಿ ಪ್ಲೈವುಡ್ಡಿನ ಚೂರುಗಳಿದ್ದರೆ ಎಸೆಯದೆ ಶಾಲೆಗೆ ಕಳುಹಿಸಿಕೊಡಬೇಕೆಂದು ಪ್ರಾರ್ಥಿಸುತ್ತೇವೆ.