ಗರಡಿ ಮಣ್ಣಿನಿಂದ ಗಂಧದ ಗುಡಿಗೆ: ಪೈಲ್ವಾನ ಎಂ.ಪಿ. ಶಂಕರ್



ಸಾಹಿತ್ಯದ ವೇದಿಕೆಯಲ್ಲಿ ಪೈಲ್ವಾನನೊಬ್ಬನ ಮಾತೇಕೆ ಎಂದು ಆಹ್ವಾನ ಪತ್ರಿಕೆ ನೋಡಿದ ಕೆಲವು ಸ್ನೇಹಿತರು ಕೇಳಿದರು. ಕುಮಾರವ್ಯಾಸನನ್ನು ಗಮಕಿಗಳ ಬಾಯಲ್ಲಿ ಕೇಳಿದವರು ಹಾಗೆ ಕೇಳಲಾರರು. ಭೀಮ ಕೀಚಕರ ಕಾಳಗದ ರಾತ್ರಿ ವಾಚನಕ್ಕೆ ಎಷ್ಟು ಜನ ಸೇರುತ್ತಿದ್ದರು ಎಂಬುದು ಇಲ್ಲಿನ ಹಿರಿಯರಿಗೆ ನೆನಪಿದೆ. ಮೈಬಲ ನಮ್ಮ ಕಾವ್ಯಕ್ಕೂ ನಾಟಕಕ್ಕೂ ಹೊರಗಿನದಾಗಿರಲಿಲ್ಲ. ಅದು ಸಿನಿಮಾಕ್ಕೆ ಬಂದಾಗ ಏನಾಯಿತು, ಆ ಬಲವನ್ನು ಯಾವುದರ ಕಾವಲಿಗೆ ಇಟ್ಟರು ಎಂಬುದೇ ನನ್ನ ಇವತ್ತಿನ ವಿಷಯ. ಅದಕ್ಕೆ ನಾನು ಆರಿಸಿಕೊಂಡವರು ಮೈಸೂರಿನ ಎಂ.ಪಿ. ಶಂಕರ್.

ಅವರ ಬಳಿಗೆ ಹೋಗುವ ಮೊದಲು ನಮ್ಮ ಬೆಂಗಳೂರಿನ ಒಂದು ಬಾಗಿಲ ಮುಂದೆ ನಿಲ್ಲಬೇಕು. ಚಾಮರಾಜಪೇಟೆಯ ಈ ಸಭಾಂಗಣದಿಂದ ನಡೆದು ಹೋಗುವಷ್ಟು ದೂರದಲ್ಲಿ, ಜೆ.ಸಿ. ರಸ್ತೆಯಲ್ಲಿ, ಕೆ.ವಿ. ಅಯ್ಯರ್ ಅವರ ವ್ಯಾಯಾಮಶಾಲೆ ಇತ್ತು. ಕೋಲಾರ ಸೀಮೆಯಿಂದ ಬಂದ ಈ ಮನುಷ್ಯ ಗ್ರೀಕ್ ಶಿಲ್ಪದಂಥ ಮೈಕಟ್ಟು ಬೆಳೆಸಿದರು, ಅಂಚೆಯ ಮೂಲಕ ದೂರದೂರದ ಹುಡುಗರಿಗೆ ವ್ಯಾಯಾಮ ಕಲಿಸಿದರು. ಅದೇ ಕೈಯಿಂದ ‘ಶಾಂತಲಾ’ ಬರೆದರು, ‘ರೂಪದರ್ಶಿ’ ಬರೆದರು, ತಮ್ಮ ಆಪ್ತ ಟಿ.ಪಿ. ಕೈಲಾಸಂ ಅವರ ನೆನಪುಗಳನ್ನು ಪುಸ್ತಕ ಮಾಡಿದರು. ರವಿ ಕಲಾವಿದರು ಎಂಬ ಹವ್ಯಾಸಿ ತಂಡ ಕಟ್ಟಿ ನಾಟಕ ಆಡಿಸಿದರು. ಸಾಮು ಮಾಡುವವನಿಗೆ ಓದು ಬರಹ ಒಗ್ಗದು ಎಂಬ ಮಾತು ಈ ಊರಿನಲ್ಲಿ ಎಂದೂ ನಿಜವಾಗಿರಲಿಲ್ಲ.

ಇನ್ನೊಂದು ಬಾಗಿಲು ಪೇಟೆಯ ಗರಡಿಗಳದು. ಕರಗದ ವೀರಕುಮಾರರು ತಾಲೀಮು ಮಾಡುವ ಆ ತಗ್ಗು ಬಾಗಿಲಿನ ಮನೆಗಳಿಗೆ ಬಗ್ಗಿಯೇ ಒಳಗೆ ಹೋಗಬೇಕು. ಹುಡುಗನಾಗಿದ್ದಾಗ ನನ್ನ ಸೋದರಮಾವ ಒಮ್ಮೆ ಕರೆದುಕೊಂಡು ಹೋಗಿದ್ದರು. ಚಪ್ಪಲಿ ಹೊರಗೆ ಬಿಡಿಸಿ, “ಮಣ್ಣಿಗೆ ಕೈ ಮುಗಿಯೋ” ಎಂದರು. ಮಟ್ಟಿಯ ಕೆಮ್ಮಣ್ಣಿಗೆ ಎಣ್ಣೆ ಬೆರೆಸಿ ಹದ ಮಾಡಿದ ವಾಸನೆ, ಮೂಲೆಯಲ್ಲಿ ಹನುಮಂತನ ಪಟ, ಗೋಡೆಗೆ ಒರಗಿಸಿದ ಗದೆ. ಉಸ್ತಾದರು ಒಬ್ಬ ದೊಡ್ಡ ಹುಡುಗನಿಗೆ ಪಟ್ಟು ಹೇಳಿಕೊಡುತ್ತಿದ್ದರು. ಅವನು ಜೊತೆಯವನನ್ನು ಎತ್ತಿ ಚಿತ್ ಮಾಡಿದ ಮೇಲೆ ಉಸ್ತಾದರು ಹೊಗಳಲಿಲ್ಲ. ಬಿದ್ದವನನ್ನು ಕೈ ಹಿಡಿದು ಎಬ್ಬಿಸಲಿಲ್ಲವೆಂದು ಗದರಿದರು. ಅದು ನನಗೆ ಇಂದಿಗೂ ನೆನಪಿದೆ. ಗರಡಿ ಕಲಿಸುವ ಮೊದಲ ಪಾಠ ಅದೇ, ಶಂಕರ್ ಅವರ ಬದುಕನ್ನು ಅರ್ಥ ಮಾಡಿಕೊಳ್ಳಲು ಬೇಕಾದ ಪಾಠವೂ ಅದೇ.

ಮೈಬಲದಿಂದ ತೆರೆಗೆ ಬರುವ ದಾರಿ ಜಗತ್ತಿನ ಸಿನಿಮಾದಲ್ಲಿ ಹೊಸದಲ್ಲ. ಅಮೆರಿಕದ ಫ್ರೆಡ್ ಥಾಮ್ಸನ್ ಎಂಬವರ ಕಥೆ ಹೇಳಬೇಕು. 1890ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಈತ ಓಟ, ಜಿಗಿತ, ಎಸೆತ ಎಲ್ಲವೂ ಸೇರಿದ ಸರ್ವಾಂಗ ಕ್ರೀಡಾ ಸ್ಪರ್ಧೆಯಲ್ಲಿ 1910, 1911, 1913ರಲ್ಲಿ ಆ ದೇಶದ ಚಾಂಪಿಯನ್. ಓದಿದ್ದು ಧರ್ಮಶಾಸ್ತ್ರ, ಹಿಡಿದ ಕೆಲಸ ಪಾದ್ರಿಯದು. ಮೊದಲ ಮಹಾಯುದ್ಧದ ಕಾಲದಲ್ಲಿ ಸೈನ್ಯದ ಪಾದ್ರಿಯಾಗಿದ್ದಾಗ ಫುಟ್‌ಬಾಲ್ ಆಡಿ ಕಾಲು ಮುರಿದುಕೊಂಡು ಆಸ್ಪತ್ರೆಯಲ್ಲಿದ್ದರು. ಅಲ್ಲಿಗೆ ನಟಿ ಮೇರಿ ಪಿಕ್‌ಫರ್ಡ್ ಜೊತೆ ಬಂದ ಚಿತ್ರಕಥೆಗಾರ್ತಿ ಫ್ರಾನ್ಸಿಸ್ ಮೇರಿಯನ್ ಮುಂದೆ 1919ರಲ್ಲಿ ಅವರ ಹೆಂಡತಿಯಾದರು. 1921ರಲ್ಲಿ ಆಕೆಯೇ ನಿರ್ದೇಶಿಸಿದ ಚಿತ್ರದಲ್ಲಿ ಥಾಮ್ಸನ್ ನಟಿಸಿದರು. ಆಮೇಲೆ ಸಿಲ್ವರ್ ಕಿಂಗ್ ಎಂಬ ಕುದುರೆಯನ್ನೇರಿ ಕೌಬಾಯ್ ಚಿತ್ರಗಳ ದೊಡ್ಡ ತಾರೆಯಾದರು. ಪಾದ್ರಿತನ ಅವರನ್ನು ಬಿಡಲಿಲ್ಲ. ಅವರ ಚಿತ್ರಗಳಲ್ಲಿ ಕೊಲೆಗಿಂತ ಸವಾರಿ, ಜಿಗಿತ, ಸಾಹಸಗಳೇ ಮುಂದೆ, ಹುಡುಗರು ನೋಡಬಹುದಾದಂಥವು. 1928ರ ಕ್ರಿಸ್‌ಮಸ್ ದಿನ, 38ನೆಯ ವಯಸ್ಸಿಗೆ, ಮೊಳೆ ತುಳಿದು ಧನುರ್ವಾಯುವಾಗಿ ತೀರಿಕೊಂಡರು. ಅವರ ಚಿತ್ರಗಳಲ್ಲಿ ಬಹುಪಾಲು ಇಂದು ಉಳಿದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಗೆ ಇದಕ್ಕೆ ಬರುತ್ತೇನೆ.

ಒಲಿಂಪಿಕ್ಸ್‌ನಲ್ಲಿ ಐದು ಚಿನ್ನ ಗೆದ್ದ ಈಜುಗಾರ ಜಾನಿ ವೈಸ್‌ಮುಲ್ಲರ್ 1932ರಲ್ಲಿ ಟಾರ್ಜನ್ ಆದರು. ನಮ್ಮ ದೇಶದಲ್ಲಿ ಪಂಜಾಬಿನ ಕುಸ್ತಿಪಟು ದಾರಾ ಸಿಂಗ್ ‘ಕಿಂಗ್ ಕಾಂಗ್’ ಚಿತ್ರದ ನಾಯಕರಾದದ್ದು 1962ರಲ್ಲಿ. ಅದೇ 1962ರಲ್ಲಿ ನಿರ್ದೇಶಕ ಹುಣಸೂರು ಕೃಷ್ಣಮೂರ್ತಿಗಳ ‘ರತ್ನಮಂಜರಿ’ಯಿಂದ ನಮ್ಮ ಶಂಕರ್ ತೆರೆಗೆ ಬಂದರು.

1935ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಶಂಕರ್ ಗರಡಿಯಲ್ಲಿ ಬೆಳೆದವರು. ಮೈಸೂರಿನಲ್ಲಿ ಕುಸ್ತಿ ಎಂದರೆ ಬರಿಯ ಆಟವಲ್ಲ. ವಿಜಯದಶಮಿಯಂದು ಅರಮನೆಯಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗದಲ್ಲಿ ರಕ್ತ ಚಿಮ್ಮಿದ ಮೇಲೆಯೇ ಮೆರವಣಿಗೆ ಹೊರಡುವುದು. ದಸರಾ ಕುಸ್ತಿಗೆ ಮುಂಚೆ ಜೋಡಿ ಕಟ್ಟುವುದನ್ನು ನೋಡಿದವರಿಗೆ ಗೊತ್ತು. ಪೈಲ್ವಾನರು ಒಬ್ಬರ ಕೈ ಒಬ್ಬರು ಹಿಡಿದು ನಿಲ್ಲುತ್ತಾರೆ, ತೂಕ, ಎತ್ತರ, ವಯಸ್ಸು ಸರಿತೂಗಿದರೆ ಮಾತ್ರ ಜೋಡಿ. ತನಗಿಂತ ಕಡಿಮೆಯವನ ಮೇಲೆ ಗೆದ್ದರೆ ಅದು ಗೆಲುವಲ್ಲ. ಆ ಊರಿನ, ಆ ಮಣ್ಣಿನ ಮನುಷ್ಯ ಇವರು.

ಆದರೆ ಸಿನಿಮಾ ಇಂಥ ದೇಹಗಳಿಗೆ ಮೊದಲು ಕೊಟ್ಟದ್ದು ಖಳನ ಅಥವಾ ಖಳನ ಬಂಟನ ಪಾತ್ರ. ನಾಯಕನ ಪೆಟ್ಟಿಗೆ ಬೀಳುವುದಕ್ಕಾಗಿಯೇ ದೊಡ್ಡ ಮೈ ಬೇಕಿತ್ತು. ಇದು ನಮ್ಮ ಚಿತ್ರರಂಗ ಗರಡಿಗೆ ಮಾಡಿದ ಅನ್ಯಾಯ ಎಂದು ನಾನು ಈ ವೇದಿಕೆಯಿಂದ ಹೇಳುತ್ತೇನೆ. ಪೈಲ್ವಾನನ ನಡಿಗೆಯನ್ನು ಗಮನಿಸಿದ್ದೀರಾ? ಅವನ ಭಾರ ಹಿಮ್ಮಡಿಯ ಮೇಲೆ ಇರುವುದಿಲ್ಲ. ಭುಜ ಸಡಿಲ, ಕೈ ಅರ್ಧ ಮಡಿಚಿ ಏನನ್ನೋ ಹಿಡಿಯಲು ಸಿದ್ಧ. ಅವಸರ ಎಂಬುದೇ ಇಲ್ಲ. ಈ ಸಮಾಧಾನವನ್ನು ಯಾವ ನಟನೆಯ ಶಾಲೆಯೂ ಕಲಿಸಲಾರದು, ಅದು ಸಾವಿರಾರು ದಂಡ ಬಸ್ಕಿಗಳಿಂದ ಬಂದದ್ದು.

ಹುಣಸೂರು ಕೃಷ್ಣಮೂರ್ತಿಗಳು ಇದನ್ನು ಕಂಡುಕೊಂಡರು. 1965ರ ‘ಸತ್ಯ ಹರಿಶ್ಚಂದ್ರ’ದಲ್ಲಿ ಶಂಕರ್ ಅವರಿಗೆ ವೀರಬಾಹುವಿನ ಪಾತ್ರ ಕೊಟ್ಟರು. ರಾಜನನ್ನೇ ಕೊಂಡುಕೊಂಡ ಸುಡುಗಾಡಿನ ಒಡೆಯ. ಅಲ್ಲಿ ಆ ದೇಹ ಯಾರನ್ನೂ ಹೊಡೆಯಲಿಲ್ಲ. ಕುಡಿದು ತೂರಾಡಿತು, ಕುಣಿಯಿತು, ನಕ್ಕಿತು, ಘಂಟಸಾಲರ ಕಂಠದಲ್ಲಿ ಹಾಡುತ್ತ ಕುಲದ ಮೇಲುಕೀಳನ್ನೇ ಪ್ರಶ್ನಿಸಿತು. ಮಣ್ಣಿನಲ್ಲಿ ಹೊರಳಿದ ಮೈ ಬೂದಿಯ ನಡುವೆ ನಿಂತು ಹಾಗೆ ಕೇಳಿದಾಗ ಆ ಮಾತಿಗೆ ಬೇರೆಯೇ ತೂಕ ಬಂತು. ರಾಜ್‌ಕುಮಾರ್ ಅವರಂಥ ಹರಿಶ್ಚಂದ್ರನ ಎದುರಿಗೆ ಒಂದಿಷ್ಟೂ ಕುಗ್ಗದೆ ನಿಂತ ಪಾತ್ರ ಅದು. ನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದ ಶಂಕರ್ ಅವರ ಅಭಿನಯದ ಶಿಖರ ವೀರಬಾಹುವೇ ಎಂಬುದು ನನ್ನ ತೀರ್ಮಾನ.

ಇನ್ನು ಥಾಮ್ಸನ್ ಕಥೆಯಲ್ಲಿ ಬಂದ ಕೌಬಾಯ್ ಮಾತು. ಕೌಬಾಯ್ ಕಥೆಗೆ ಬೇಕಾದದ್ದು ಬೇಲಿಯಿಲ್ಲದ ಬಯಲು, ಕುದುರೆ, ಕಾನೂನು ತಲುಪದ ದೂರ. ನಮ್ಮಲ್ಲಿ ಅಂಥ ಬಯಲಿಲ್ಲ. ಪಕ್ಕದ ರಾಮನಗರದ ಬಂಡೆಗಳ ನಡುವೆ ಹಿಂದಿಯವರು ‘ಶೋಲೆ’ ತೆಗೆದು 1975ರಲ್ಲಿ ಬಿಡುಗಡೆ ಮಾಡಿದರು, ಅದು ಬೇರೆ ಮಾತು. ಕನ್ನಡಕ್ಕೆ ಆ ದೂರ ಸಿಕ್ಕಿದ್ದು ಕಾಡಿನಲ್ಲಿ, ಕುದುರೆಯ ಜಾಗದಲ್ಲಿ ಆನೆ. ಮೈಸೂರು ಸೀಮೆಯ ಕಾಡನ್ನು ಜಗತ್ತು ನೋಡಿದ್ದು 1937ರ ‘ಎಲಿಫೆಂಟ್ ಬಾಯ್’ ಚಿತ್ರದಲ್ಲಿ, ಕಾರಾಪುರದ ಮಾವುತನ ಮಗ ಸಾಬುವಿನ ಮೂಲಕ. ಆ ಕಾಡು ಆಗ ಖೆಡ್ಡಾದ ಕಾಡು, ಮನುಷ್ಯ ಆನೆಯನ್ನು ಹಿಡಿಯುವ ಜಾಗ. ಅಂಥ ಕಥೆಗಳಲ್ಲಿ ಶೌರ್ಯ ಎಂದರೆ ಬೇಟೆ.

ಶಂಕರ್ ನಿರ್ಮಾಪಕರಾಗಿ ಕಾಡಿಗೆ ಹೊರಟರು. 1969ರಲ್ಲಿ ಗೀತಪ್ರಿಯ ಅವರ ನಿರ್ದೇಶನದಲ್ಲಿ ‘ಕಾಡಿನ ರಹಸ್ಯ’. ಅದನ್ನು ನಾನು ಮೆಜೆಸ್ಟಿಕ್‌ನ ಚಿತ್ರಮಂದಿರವೊಂದರ ಮುಂದಿನ ಬೆಂಚಿನಲ್ಲಿ ಕೂತು ನೋಡಿದೆ. ಪರದೆಯ ಮೇಲೆ ನಿಜವಾದ ಪ್ರಾಣಿಗಳು, ಅವುಗಳ ಪಕ್ಕದಲ್ಲಿ ನಿಜವಾದ ಬಲವಿರುವ ಮನುಷ್ಯ. ಸ್ಟುಡಿಯೋದ ಗಿಡಬಳ್ಳಿಗಳನ್ನೇ ನೋಡಿ ಬೆಳೆದ ನಮಗೆ ಅದು ದೊಡ್ಡ ಬೆರಗು.

ನಾಲ್ಕು ವರ್ಷಗಳ ಮೇಲೆ ‘ಗಂಧದ ಗುಡಿ’. ಆ ಚಿತ್ರ ಬಂದ ಹೊತ್ತನ್ನು ನೋಡಿ. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ, ಕಬಿನಿ ಅಣೆಕಟ್ಟೆಯ ನೀರು ಆ ಕಾಡನ್ನು ಮುಳುಗಿಸುವ ಮುಂಚೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ. 1973ರ ಏಪ್ರಿಲ್‌ನಲ್ಲಿ ಹುಲಿ ಯೋಜನೆ ಶುರುವಾದಾಗ ಮೊದಲ ಒಂಬತ್ತು ಕಾಡುಗಳಲ್ಲಿ ನಮ್ಮ ಬಂಡೀಪುರವೂ ಒಂದು. ಅದೇ ವರ್ಷ ನವೆಂಬರ್ 1ಕ್ಕೆ ಮೈಸೂರು ರಾಜ್ಯ ಕರ್ನಾಟಕವಾಯಿತು. ಅದೇ 1973ರಲ್ಲಿ ಮೈಸೂರಿನ ಒಬ್ಬ ಪೈಲ್ವಾನ ತನ್ನ ಹಣ ಹಾಕಿ, ವಿಜಯ್ ಅವರಿಂದ ನಿರ್ದೇಶನ ಮಾಡಿಸಿ, ಅರಣ್ಯಾಧಿಕಾರಿಯೊಬ್ಬನನ್ನು ಕಥೆಯ ನಾಯಕನನ್ನಾಗಿ ಮಾಡಿದ. ಬೇಟೆಗಾರನಲ್ಲ, ಕಾವಲುಗಾರ. ಹೆಗಲಿನ ಮೇಲಿದ್ದ ಕೋವಿ ಕಾಡುಗಳ್ಳರ ಕಡೆಗೆ ತಿರುಗಿತು. ನಮ್ಮ ಸಿನಿಮಾದಲ್ಲಿ ಶೌರ್ಯದ ಅರ್ಥ ಅಲ್ಲಿ ಬದಲಾಯಿತು.

ಗಂಧದ ಮರ ನಮಗೆ ಬರಿಯ ಮರವಲ್ಲ. ಟಿಪ್ಪು ಕಾಲದಲ್ಲಿ, 1792ರಲ್ಲಿ, ಅದು ರಾಜವೃಕ್ಷವಾಯಿತು. 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಬಂತು. ಊರ ಹೆಸರು, ಸೋಪಿನ ಹೆಸರು, ನಾಡಿನ ಬಣ್ಣನೆ ಎಲ್ಲದರಲ್ಲೂ ಅದರ ಕಂಪು. ಆ ಮರವನ್ನು ಕಡಿಯುವವರ ವಿರುದ್ಧ ಒಂದು ಜನಪ್ರಿಯ ಚಿತ್ರ ಮಾಡಬೇಕೆಂದು ಹೊಳೆದದ್ದು ದೊಡ್ಡ ಮಾತು. ಅದಕ್ಕಿಂತ ದೊಡ್ಡದು, ನಾಯಕನ ಜಾಗವನ್ನು ಶಂಕರ್ ತಮಗಾಗಿ ಇಟ್ಟುಕೊಳ್ಳಲಿಲ್ಲ ಎಂಬುದು. ತಮ್ಮ ಮೈಬಲ ತೋರಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗುತ್ತಿರಲಿಲ್ಲ. ಕಾಡಿನ ಮಾತು ನಾಡಿನ ಮೂಲೆಮೂಲೆಗೂ ಮುಟ್ಟಬೇಕಾದರೆ ಅದನ್ನು ರಾಜ್‌ಕುಮಾರ್ ಹೇಳಬೇಕು ಎಂದು ಅವರಿಗೆ ಗೊತ್ತಿತ್ತು. ಬಿದ್ದವನನ್ನು ಎಬ್ಬಿಸು ಎಂದು ಗದರಿದ ಆ ಉಸ್ತಾದರ ನೆನಪು ನನಗೆ ಇಲ್ಲಿ ಬರುತ್ತದೆ. ಗರಡಿಯಲ್ಲಿ ಪಳಗಿದವನಿಗೆ ತಾನು ಹಿಂದೆ ಸರಿಯುವುದು ಸೋಲಾಗಿ ಕಾಣುವುದಿಲ್ಲ.

ಚಿತ್ರ ಹಿಂದಿಯಲ್ಲಿ 1979ರಲ್ಲಿ ‘ಕರ್ತವ್ಯ’ವಾಗಿ ಹೋಯಿತು. 1994ರಲ್ಲಿ ಶಂಕರ್ ಅವರೇ ಎರಡನೆಯ ಭಾಗ ತೆಗೆದರು, ಶಿವರಾಜ್‌ಕುಮಾರ್ ನಾಯಕ. 2022ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ಕೊನೆಯ ಚಿತ್ರ, ಅಮೋಘವರ್ಷ ಅವರೊಂದಿಗೆ ಕಾಡು ಸುತ್ತಿದ ಸಾಕ್ಷ್ಯಚಿತ್ರ, ಅದೇ ಹೆಸರು ಹೊತ್ತು ಬಂತು. ಆ ಹೆಸರನ್ನು ಕೇಳಿದಾಗ ರಾಜ್‌ಕುಮಾರ್ ನೆನಪಾಗುತ್ತಾರೆ, ಪುನೀತ್ ನೆನಪಾಗುತ್ತಾರೆ, ಹಾಡು ನೆನಪಾಗುತ್ತದೆ. ಅದಕ್ಕೆ ಹಣವನ್ನೂ ಹೆಗಲನ್ನೂ ಕೊಟ್ಟ ಪೈಲ್ವಾನ ಎಷ್ಟು ಜನರಿಗೆ ನೆನಪಾಗುತ್ತಾರೆ? ‘ಸತ್ಯ ಹರಿಶ್ಚಂದ್ರ’ಕ್ಕೆ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದ್ದು 2008ರಲ್ಲಿ. ಅದೇ ವರ್ಷ ಶಂಕರ್ ತೀರಿಕೊಂಡರು.

ಥಾಮ್ಸನ್ ಚಿತ್ರಗಳು ಉಳಿಯಲಿಲ್ಲವೆಂದೆ. ನಾವೇನೂ ಹೆಚ್ಚು ಜೋಪಾನ ಮಾಡಿದವರಲ್ಲ. 1934ರಲ್ಲಿ ಇಲ್ಲಿಯೇ, ಸಿಟಿ ಮಾರ್ಕೆಟ್ ಬಳಿಯ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡ ಕನ್ನಡದ ಮೊದಲ ಮಾತಿನ ಚಿತ್ರ ‘ಸತಿ ಸುಲೋಚನ’ದ ಪ್ರತಿ ನಮ್ಮ ಬಳಿ ಇಲ್ಲ.

ಆದ್ದರಿಂದ ನಿಮ್ಮಲ್ಲಿ ಒಂದು ಬೇಡಿಕೆ ಇಟ್ಟು ನನ್ನ ಮಾತು ನಿಲ್ಲಿಸುತ್ತೇನೆ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಹಳೆಯ ಮನೆಗಳು ಒಂದೊಂದಾಗಿ ಉರುಳುತ್ತಿವೆ. ಅವುಗಳ ಅಟ್ಟದ ಮೇಲೆ ಟ್ರಂಕುಗಳಿವೆ. ಅವುಗಳಲ್ಲಿ ಎರಡಾಣೆಯ ಹಾಡಿನ ಪುಸ್ತಕಗಳು, ಚಿತ್ರಮಂದಿರದ ಕರಪತ್ರಗಳು, ವ್ಯಾಯಾಮಶಾಲೆಯ ಪಾಠದ ಹಾಳೆಗಳು, ಲಂಗೋಟಿ ಕಟ್ಟಿ ಗದೆ ಹಿಡಿದು ನಿಂತ ತಾತಂದಿರ ಫೋಟೊಗಳು ಇರಬಹುದು. ರದ್ದಿಯವನಿಗೆ ಹಾಕುವ ಮೊದಲು ದಯವಿಟ್ಟು ಒಮ್ಮೆ ಬಿಚ್ಚಿ ನೋಡಿ. ಫೋಟೊದ ಹಿಂದೆ ಹೆಸರು, ಊರು, ಗರಡಿಯ ಹೆಸರು ಬರೆಯಿರಿ. ಬರೆದು ಹತ್ತಿರದ ಗ್ರಂಥಾಲಯಕ್ಕೆ ತಂದುಕೊಡಿ.