266 ರೂಪಾಯಿ ಮೂಟೆಯ ಉಳಿದ ಬಿಲ್ ಯಾರಿಗೆ?



2025ರ ನವೆಂಬರ್ ನೆನಪಿದೆಯಲ್ಲ? ಗುರ್ಲಾಪುರ ಕ್ರಾಸ್‌ನಲ್ಲಿ ಕಬ್ಬು ಬೆಳೆಗಾರರು ರಸ್ತೆಯಲ್ಲೇ ಕೂತಿದ್ದರು. ಟನ್ನಿಗೆ 3,500 ರೂಪಾಯಿ ಕೊಡಿ ಅಂತ. ಅಥಣಿ, ಚಿಕ್ಕೋಡಿ, ರಾಯಬಾಗದಲ್ಲೂ ಕಿಚ್ಚು ಹತ್ತಿತ್ತು. ನಾವು ದಿನವಿಡೀ ತೋರಿಸಿದೆವು. ಅದೇ ವರ್ಷದ ಮುಂಗಾರಿನಲ್ಲಿ ರಾಜ್ಯದ ತುಂಬಾ ಯೂರಿಯಾಕ್ಕೆ ಸಾಲು. ಅದನ್ನೂ ತೋರಿಸಿದೆವು. ಆದರೆ ಈ ಎರಡೂ ಸುದ್ದಿ ಒಂದೇ ಹೊಲದ್ದು ಅಂತ ನಾವ್ಯಾರೂ ಹೇಳಲಿಲ್ಲ. ಇವತ್ತು ಹೇಳ್ತೀನಿ.

ಆ ಸಾಲಿನ ದಿನಗಳಲ್ಲಿ ಕಾಗವಾಡ ಕಡೆಯ ರೈತರೊಬ್ಬರು ಫೋನ್ ಮಾಡಿದ್ದರು. "ಸರ್, ಎರಡು ಚೀಲ ಯೂರಿಯಾ ಕೇಳಿದ್ರ, ಜೋಡಿ ಬ್ಯಾಡಾದ್ದೊಂದು ಗೊಬ್ಬರ ತಗೋರಿ ಅಂತಾರ" ಅಂದರು. ಕೇಳಿ ನನಗೂ ಸಿಟ್ಟು ಬಂತು. ಆಮೇಲೆ ಕೇಳಿದೆ: ಎಕರೆಗೆ ಎಷ್ಟು ಚೀಲ ಹಾಕ್ತೀರಿ? ಒಂದು ಕ್ಷಣ ಸುಮ್ಮನಾದರು. "ಲೆಕ್ಕ ಇಟ್ಟಿಲ್ರಿ. ಬೆಳಿ ಹಳದಿ ಕಂಡ್ರ ಹಾಕ್ತೀವಿ" ಅಂದರು.

ಲೆಕ್ಕ ಇಡೋಕೆ ಕಾರಣವೇ ಇಲ್ಲ, ಯಾಕಂದ್ರೆ ಮೂಟೆಗೆ 266 ರೂಪಾಯಿ 50 ಪೈಸೆ. ನಿಜ ವೆಚ್ಚ ಅದರ ಹಲವು ಪಟ್ಟು. ಉಳಿದದ್ದನ್ನು ಸರ್ಕಾರ ಸಬ್ಸಿಡಿಯಾಗಿ ಕಟ್ಟುತ್ತೆ. 2010ರಲ್ಲಿ ರಂಜಕ, ಪೊಟ್ಯಾಷ್ ಗೊಬ್ಬರಗಳ ದರ ಸಡಿಲವಾಯಿತು, ಅವು ದುಬಾರಿಯಾದವು. ಯೂರಿಯಾ ಮಾತ್ರ ಅಗ್ಗವಾಗಿಯೇ ಉಳಿಯಿತು. ಅಗ್ಗದ್ದನ್ನು ಜಾಸ್ತಿ ಹಾಕಿದ ರೈತನನ್ನು ಬೈದು ಪ್ರಯೋಜನವೇನು? ದರದ ಚೀಟಿಯೇ ಅವನಿಗೆ ಹಾಗೆ ಹೇಳಿಕೊಟ್ಟಿದೆ. 2017ರ ನವೆಂಬರ್‌ನಲ್ಲಿ ಪ್ರಧಾನಿ 'ಮನ್ ಕಿ ಬಾತ್'ನಲ್ಲಿ ಕರೆ ಕೊಟ್ಟರು, 2022ರ ಹೊತ್ತಿಗೆ ಯೂರಿಯಾ ಅರ್ಧಕ್ಕೆ ಇಳಿಸಿ ಅಂತ. ಆಗ ದೇಶದ ಬಳಕೆ ಸುಮಾರು 300 ಲಕ್ಷ ಟನ್. 2022–23ರಲ್ಲಿ 350 ಲಕ್ಷ ಟನ್ ದಾಟಿತ್ತು. ಮಾತಿಗಿಂತ ದರವೇ ಜೋರಾಗಿ ಕೇಳಿಸುತ್ತೆ.

ನಾನು ಇಂಜಿನಿಯರಿಂಗ್ ಓದಿದವನು. ಬನ್ನಿ, ಒಂದು ಮೂಟೆಯ ಲೆಕ್ಕ ಮಾಡೋಣ.

45 ಕಿಲೋ ಮೂಟೆಯಲ್ಲಿ ಸಾರಜನಕ ಶೇ. 46, ಅಂದರೆ ಸುಮಾರು 21 ಕಿಲೋ. ನಮ್ಮ ದೇಶದಲ್ಲಿ ಇದರ ಅರ್ಧದಷ್ಟೂ ಬೆಳೆಗೆ ದಕ್ಕುವುದಿಲ್ಲ. ಮಿಕ್ಕಿದ್ದು ಎಲ್ಲಿಗೆ ಹೋಗುತ್ತೆ? ಮೂರು ದಾರಿ. ಮೇಲೆ ಎರಚಿ ಹಾಗೇ ಬಿಟ್ಟರೆ ಅಮೋನಿಯಾ ಆಗಿ ಗಾಳಿಗೆ ಹಾರುತ್ತೆ, ಹೊಲದ ಬದುವಿನಲ್ಲಿ ಮೂಗಿಗೆ ಘಾಟು ಹೊಡೆಯುತ್ತಲ್ಲ, ಅದೇ. ಎರಡನೆಯದು, ನೈಟ್ರೇಟ್ ಆಗಿ ನೀರಿನ ಜೊತೆ ಇಳಿದು ಬಾವಿ, ಬೋರ್‌ವೆಲ್ ಸೇರುತ್ತೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ದಾಟಿದ ನೀರಲ್ಲಿ ಹಾಲಿನ ಪುಡಿ ಕಲಸಿ ಹಸುಗೂಸಿಗೆ ಕುಡಿಸಿದರೆ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಮಗು ನೀಲಿಗಟ್ಟಬಹುದು. ಕುದಿಸಿದರೂ ನೈಟ್ರೇಟ್ ಹೋಗಲ್ಲ, ನೆನಪಿರಲಿ.

ಮೂರನೆಯದು ಕಣ್ಣಿಗೆ ಕಾಣಲ್ಲ. ಕೃಷ್ಣೆಯ ದಂಡೆಯ ಎರೆಮಣ್ಣು ನೀರು ಹಿಡಿದಿಟ್ಟುಕೊಳ್ಳುತ್ತೆ. ಯೂರಿಯಾ ಹಾಕಿ ಸಾಲು ತುಂಬಾ ನೀರು ನಿಲ್ಲಿಸಿದರೆ ಮಣ್ಣಿನೊಳಗೆ ಗಾಳಿ ಆಡಲ್ಲ. ಆಗ ಸೂಕ್ಷ್ಮಜೀವಿಗಳು ಉಸಿರಿಗೆ ನೈಟ್ರೇಟನ್ನೇ ಹಿಡಿಯುತ್ತವೆ, ನೈಟ್ರಸ್ ಆಕ್ಸೈಡ್ ಬಿಡುತ್ತವೆ. ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇದು ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಜೋರು. ಹಾಕಿದ ಸಾರಜನಕದಲ್ಲಿ ನೂರಕ್ಕೆ ಒಂದು ಪಾಲು ಹೀಗೆ ಹೋಗುತ್ತೆ ಅನ್ನುವುದು ಅಂತಾರಾಷ್ಟ್ರೀಯ ಲೆಕ್ಕಾಚಾರದ ಅಂದಾಜು. ಅಷ್ಟಕ್ಕೇ ಒಂದು ಮೂಟೆ ಸುಮಾರು 90 ಕಿಲೋ ಕಾರ್ಬನ್ ಡೈಆಕ್ಸೈಡ್‌ಗೆ ಸಮ. ಅಂದರೆ 38 ಲೀಟರ್ ಪೆಟ್ರೋಲ್ ಸುಟ್ಟಂತೆ. ಕಾರ್ಖಾನೆಯಲ್ಲಿ ಯೂರಿಯಾ ಮಾಡಲು ಉರಿಸುವ ಗ್ಯಾಸ್ ಇದರಲ್ಲಿ ಸೇರಿಲ್ಲ!

ಗಾಳಿ, ಆಕಾಶ ಎಲ್ಲಾ ಸರಿ, ನಮ್ಮ ಕಬ್ಬಿನ ಬಿಲ್ಲಿಗೇನು ಅಂತೀರಾ? ಅಲ್ಲಿಗೇ ಬಂದೆ. ಕೇಂದ್ರದ ಎಫ್‌ಆರ್‌ಪಿ ದರ ನಿಂತಿರುವುದು ಸಕ್ಕರೆ ರಿಕವರಿ ಮೇಲೆ. 2025–26ಕ್ಕೆ ಶೇ. 10.25 ರಿಕವರಿಗೆ ಟನ್ನಿಗೆ 3,550 ರೂಪಾಯಿ, ಅದರಲ್ಲೇ ಕಟಾವು, ಸಾಗಣೆ ಕಳೆಯುವುದು. ರಿಕವರಿ ಏರಿದರೆ ದರ ಏರುತ್ತೆ. ಕಬ್ಬಿಗೆ ತಡವಾಗಿ, ಅತಿಯಾಗಿ ಸಾರಜನಕ ಕೊಟ್ಟರೆ ಏನಾಗುತ್ತೆ? ಎಲೆ ಕಡುಹಸಿರು, ಗಣಿಕೆಯಲ್ಲಿ ನೀರು, ಸಕ್ಕರೆ ಕಮ್ಮಿ, ಗಾಳಿ ಬಂದರೆ ಕಬ್ಬು ಅಡ್ಡ. ರಸ್ತೆಯಲ್ಲಿ ಕೂತು ಕೇಳಿದ ದರವನ್ನು ನಮ್ಮ ಹೊಲದಲ್ಲೇ ಸ್ವಲ್ಪ ಕರಗಿಸುತ್ತಿದ್ದೇವೆ.

ಹಾಗಂತ ನಾಳೆಯಿಂದ ಯೂರಿಯಾ ಬಂದ್ ಮಾಡಿ ಅನ್ನುವವನು ನಾನಲ್ಲ. 2021ರಲ್ಲಿ ಶ್ರೀಲಂಕಾ ರಾಸಾಯನಿಕ ಗೊಬ್ಬರವನ್ನು ಏಕಾಏಕಿ ನಿಷೇಧಿಸಿತು. ಭತ್ತ ಕುಸಿಯಿತು, ಕೆಲವೇ ತಿಂಗಳಲ್ಲಿ ಹಿಂದೆ ಸರಿಯಿತು. ನನ್ನ ಮಾತು ಸಣ್ಣದು: ಅಳೆದು ಹಾಕಿ.

ನೀರಾವರಿ ಕಬ್ಬಿಗೆ ನಮ್ಮ ಕಡೆ ಶಿಫಾರಸು ಹೆಕ್ಟೇರಿಗೆ 250 ಕಿಲೋ ಸಾರಜನಕ. ಎಕರೆಗೆ ಸುಮಾರು 100 ಕಿಲೋ. ಪೂರ್ತಿ ಯೂರಿಯಾದಲ್ಲೇ ಕೊಟ್ಟರೂ ಐದು ಮೂಟೆ. ಡಿಎಪಿ ಹಾಕಿದ್ದರೆ ಒಂದು ಚೀಲಕ್ಕೆ 9 ಕಿಲೋ ಸಾರಜನಕ ಅದರಲ್ಲೇ ಬಂತು, ಕಳೆಯಿರಿ. ಒಮ್ಮೆಲೇ ಸುರಿಯಬೇಡಿ, ಮೂರ್ನಾಲ್ಕು ಕಂತು ಮಾಡಿ, ಮಣ್ಣಲ್ಲಿ ಮುಚ್ಚಿ. ಡ್ರಿಪ್ ಇದ್ದರೆ ನೀರಿನ ಜೊತೆಗೇ ಕೊಡಿ. ರವದಿಗೆ ಬೆಂಕಿ ಇಡಬೇಡಿ, ಅದರಲ್ಲಿದ್ದ ಸಾರಜನಕವೂ ಹೊಗೆಯಾಗಿ ಹೋಗುತ್ತೆ. ನಿಪ್ಪಾಣಿ, ಚಿಕ್ಕೋಡಿ ಕಡೆಯವರಿಗೆ ಸೋಯಾ ಹೊಸದಲ್ಲ. ಅಗಲ ಸಾಲಿನ ಕಬ್ಬಿನ ನಡುವೆ ಹಾಕಿ, ಅದರ ಬೇರು ಗಾಳಿಯ ಸಾರಜನಕವನ್ನು ಹಿಡಿಯುತ್ತೆ. ಅದಕ್ಕೆ ಯಾವ ಸಾಲಿನಲ್ಲೂ ನಿಲ್ಲಬೇಕಿಲ್ಲ.

ಪೂರ್ತಿ ಹೊಲ ಬೇಡ. ಒಂದೇ ಎಕರೆಯಲ್ಲಿ ಮಾಡಿ, ಪಕ್ಕದ ಎಕರೆ ಎಂದಿನಂತೆ ಇರಲಿ. ಕಟಾವಿಗೆ ಎರಡನ್ನೂ ಬೇರೆ ಬೇರೆ ತೂಗಿ. ನನ್ನನ್ನು ನಂಬಬೇಡಿ, ತಕ್ಕಡಿಯನ್ನು ನಂಬಿ.

ಇನ್ನು ಸರ್ಕಾರಕ್ಕೂ ಕಾರ್ಖಾನೆಗಳಿಗೂ ಒಂದು ಮಾತು. ರೈತ ಒಂದು ಮೂಟೆ ಉಳಿಸಿದರೆ ಸಾವಿರಕ್ಕೂ ಹೆಚ್ಚು ರೂಪಾಯಿ ಸಬ್ಸಿಡಿ ಉಳಿಯುತ್ತೆ. ಅವನ ಕೈಗೆ ಉಳಿಯುವುದು 266. ಉಳಿದ ದುಡ್ಡಿನಲ್ಲಿ ಅವನಿಗೂ ಪಾಲು ಕೊಡಿ, ಆಮೇಲೆ ಕರೆ ಕೊಡಿ. ಕಾರ್ಖಾನೆಯವರು ಸಕ್ಕರೆ ತೂಗುವಷ್ಟೇ ಶಿಸ್ತಿನಿಂದ ಮಣ್ಣು ಪರೀಕ್ಷೆ ಮಾಡಿಸಿಕೊಡಿ.

ಕಾಗವಾಡದ ಆ ರೈತರು ಈ ಕಾರ್ಯಕ್ರಮ ನೋಡ್ತಿದ್ದರೆ ಒಂದು ವಿನಂತಿ. ಮುಂದಿನ ಸಲ ಫೋನ್ ಮಾಡಿದಾಗ ಎಷ್ಟು ಚೀಲ ಸಿಕ್ತು ಅಂತ ನಾನು ಕೇಳಲ್ಲ. ಎಷ್ಟು ಚೀಲ ಉಳಿಸಿದಿರಿ ಅಂತ ಹೇಳಿ.